ಆಕೀ ಫೋಟೊ ಯಾವ ಬೋರ್ಡಿಗೆ?

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದೆಲ್ಲ ಹೀಗೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ಹೋದ ತಿಂಗಳು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಬೋರ್ಡ್ ಮಾಡುವ ಒಂದು ಅಂಗಡಿಗೆ ಹೋಗಿದ್ದೆ. ರುಸೈಲಿನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೆ ‘ಹೆಲ್ಮೆಟ್ ಧರಿಸಿ’ ಎಂಬಂಥ ಫಲಕಗಳು ಬೇಕಿದ್ದವು. ಒಳಗೆ ಒಬ್ಬಾತ ಕಾದ ತಂತಿಯಿಂದ ಥರ್ಮಾಕೋಲ್ ಕೊಯ್ಯುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಹದಿನೈದು ವರ್ಷಕ್ಕೂ ಹಿಂದಿನ ಒಂದು ಶಾಲೆಯ ಕಾರಿಡಾರು, ನೀಲಿ ಮಖಮಲ್ಲು ಹೊದಿಸಿದ ಒಂದು ಬೋರ್ಡು, ಅದರ ಮುಂದೆ ಕೈಕಟ್ಟಿ ನಿಂತ ನಮ್ಮ ಪಿ.ಟಿ. ಮಾಸ್ತರರು ಕಣ್ಣೆದುರು ಬಂದರು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿರಲಿಲ್ಲ.

ನಾನು ಓದಿದ್ದು ಇತಿಹಾಸ. ಕಣ್ಣಾರೆ ಕಂಡೆ ಎನ್ನುವವನ ಮಾತನ್ನು ಸುಲಭವಾಗಿ ನಂಬಬಾರದು ಎಂದು ಧಾರವಾಡದಲ್ಲಿ ನನಗೆ ಕಲಿಸಿ ಕಳಿಸಿದ್ದರು. ಈ ಪ್ರಸಂಗದಲ್ಲಿ ಕಣ್ಣಾರೆ ಕಂಡವನು ನಾನೇ. ಅದೇ ತೊಡಕು. ಈ ಕತೆಯನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಚೊಕ್ಕವಾಗುತ್ತ ಬಂದಿದೆ. ಬೋರ್ಡಿನಿಂದ ಮಾಸ್ತರರ ಮಗಳ ಫೋಟೊ ತೆಗೆದವರು ಯಾರು? ನನ್ನ ನೆನಪು ಒಂದು ಹೇಳುತ್ತದೆ. ಶಾಲೆಯವರು ಇನ್ನೊಂದು ಹೇಳುತ್ತಿದ್ದರು. ಕೇಳಬೇಕಾದ ಮನುಷ್ಯ ಈಗಿಲ್ಲ.

ಆಗ ನಾನು ಮಸ್ಕತ್ತಿನ ಒಂದು ಭಾರತೀಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಸೇರಿದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಎತ್ತರದ, ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ಒಬ್ಬರು ಸೀಟಿ ಒರೆಸುತ್ತ ಕೂತಿದ್ದರು. ತಾಂಜಾನಿಯಾದವರಿರಬೇಕು ಎಂದುಕೊಂಡು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, “ಧಾರವಾಡದವರೇನ್ರಿ? ನಾ ಹಳಿಯಾಳದಂವ. ಬಸ್ ಹತ್ತಿದ್ರ ತಾಸಿನ ದಾರಿ ನೋಡ್ರಿ ನಮ್ಮದು ನಿಮ್ಮದು,” ಎಂದರು.

ಅವರೇ ನಮ್ಮ ಪಿ.ಟಿ. ಮಾಸ್ತರರು, ಸಿದ್ದಿಯವರು. ಹಳಿಯಾಳದ ಕಾಡಂಚಿನ ಒಂದು ಊರು. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಇಳಿಸಿ ಎಷ್ಟೋ ತಲೆಮಾರುಗಳು ಕಳೆದಿದ್ದವು. ನನ್ನ ಅಜ್ಜ ಕನ್ನಡ ಸೀಮೆಗೆ ಬರುವುದಕ್ಕೂ ಬಹಳ ಮೊದಲೇ ಅವರ ಅಜ್ಜಂದಿರು ಅಲ್ಲಿದ್ದರು. ಆದರೆ ಮಸ್ಕತ್ತಿನಲ್ಲಿ ಟ್ಯಾಕ್ಸಿ ಹತ್ತಿದರೆ, ಜಂಜಿಬಾರಿನ ನಂಟಿದ್ದ ಹಿರಿಯ ಚಾಲಕರು ಅವರೊಡನೆ ಸ್ವಾಹಿಲಿಯಲ್ಲಿ ಮಾತಿಗಿಳಿಯುತ್ತಿದ್ದರು. ಅದರಿಂದ ಅವರಿಗೆ ಬೇಸರವೇನೂ ಇರಲಿಲ್ಲ. ನಾಲ್ಕು ಮಾತು ಕಲಿತುಕೊಂಡು ತಿರುಗಿ ಹೇಳುತ್ತಿದ್ದರು. “ಅವ್ರು ನಮ್ಮವ ಅಂತ ತಿಳದು ಮಾತಾಡಸ್ತಾರ್ರಿ ಸರ್. ಅದರಾಗ ತಪ್ಪೇನೈತಿ?” ಎನ್ನುತ್ತಿದ್ದರು. ನಮ್ಮವರಲ್ಲ ಎಂದು ತಿಳಿದು ಮಾತಾಡಿಸುತ್ತಿದ್ದವರು ಯಾರೆಂದು ಅವರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಮಗಳು ಅದೇ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಒಬ್ಬಳೇ ಮಗಳು. ಅವಳನ್ನು ಕಂಡವರೆಲ್ಲ ಮೊದಲು ಕೇಳುತ್ತಿದ್ದದ್ದು ಎಷ್ಟು ಜೋರಾಗಿ ಓಡುತ್ತಾಳೆ ಎಂದು. ಅವಳಿಗೆ ಓಟವೆಂದರೆ ಆಗುತ್ತಿರಲಿಲ್ಲ. ಪಿ.ಟಿ. ಪಿರಿಯಡ್ಡಿನಲ್ಲಿ ಬೇವಿನ ಮರದ ನೆರಳು ಹುಡುಕಿ ಕೂತು ಲೆಕ್ಕ ಬಿಡಿಸುತ್ತಿದ್ದಳು. ಅಪ್ಪ ಕಂಡೂ ಕಾಣದಂತೆ ಇರುತ್ತಿದ್ದರು. ಸರಕಾರದ ಕ್ರೀಡಾ ಹಾಸ್ಟೆಲಿಗೆ ತಮ್ಮನ್ನು ಆರಿಸಿಕೊಂಡು ಹೋದವರು ಓಡಿಸಿ ನೋಡಿದ್ದರೇ ಹೊರತು ಓದಿಸಿ ನೋಡಿರಲಿಲ್ಲ ಎಂದು ಒಮ್ಮೆ ಹೇಳಿದ್ದರು. ಮಗಳು ಕೂತು ಲೆಕ್ಕ ಮಾಡಲಿ ಎಂಬುದು ಅವರ ಹಟವಾಗಿತ್ತು.

ನಮ್ಮ ಕನ್ನಡದವರ ಕೂಟದ ರಾಜ್ಯೋತ್ಸವದಲ್ಲಿ ಅವಳು ಒಮ್ಮೆ ಹಾಡಿದಳು. ಒಳ್ಳೆಯ ದನಿ, ಅಚ್ಚ ಉಚ್ಚಾರ. ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು. ಊಟದ ಸಾಲಿನಲ್ಲಿ ಕರಾವಳಿಯ ಹಿರಿಯರೊಬ್ಬರು, ಜೇಬಿನ ಮೇಲೆ ಹಳದಿ ಕೆಂಪು ಬ್ಯಾಡ್ಜು, ಪಕ್ಕದವರಿಗೆ, “ಎಷ್ಟು ಚಂದ ಕನ್ನಡ ಕಲ್ತಿದ್ದಾಳೆ ಮಾರಾಯ್ರೆ ಆ ಹುಡುಗಿ,” ಎಂದರು. ಕಲಿತಿದ್ದಾಳಂತೆ! ಅವರ ಸ್ವಂತ ಮೊಮ್ಮಗ ಅಲ್ಲೇ ನಿಂತು, ಪಾಯಸ ಬೇಕೇ ಎಂದು ಕನ್ನಡದಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿ ಬೇಡವೆನ್ನುತ್ತಿದ್ದ. ನನಗೆ ಮೈ ಉರಿಯಿತು. ಮಾಸ್ತರರು ಮಾತ್ರ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, “ಅವ್ರ ಮಕ್ಕಳಿಗಿಂತ ಛಲೋ ಬರತೈತಲ್ರಿ, ಅದಕ್ಕ ಚಪ್ಪಾಳಿ,” ಎಂದು ನಕ್ಕರು.

ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ಅವಳೇ ತರಗತಿಗೆ ಮೊದಲಿಗಳು. ಶಾಲೆಯ ಮುಂಬಾಗಿಲ ಬಳಿ ‘ನಮ್ಮ ಹೆಮ್ಮೆ’ ಎಂಬ ಬೋರ್ಡಿತ್ತು. ಪ್ರತಿ ವಿಷಯದಲ್ಲಿ ಮೊದಲು ಬಂದವರ ಫೋಟೊ ಅಲ್ಲಿ ಬರುವುದು ಕ್ರಮ. ಮಕ್ಕಳ ಅಪ್ಪ ಅಮ್ಮಂದಿರು ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ಊರಿಗೆ ಕಳಿಸುತ್ತಿದ್ದರು. ಏಳನೆಯ ತರಗತಿಯ ಗಣಿತದ ಚೌಕದಲ್ಲಿ ಹೆಸರು ಮಾತ್ರ ಬಂತು. ಫೋಟೊ ಇರಲಿಲ್ಲ. ಮಾಸ್ತರರು ವಿಚಾರಿಸಿದಾಗ, ಪ್ರಿಂಟ್ ಕಪ್ಪಾಗಿ ಬಂದಿದೆ, ಮುಖ ಸರಿಯಾಗಿ ಕಾಣುವುದಿಲ್ಲ, ಬೇರೆ ಕೊಡಿ ಎಂದರಂತೆ. ಅವರು ಸ್ಟುಡಿಯೊಗೆ ಕರೆದುಕೊಂಡು ಹೋಗಿ ಬೇರೆ ತೆಗೆಸಿ ಕೊಟ್ಟರು. ಅಷ್ಟು ಹೊತ್ತಿಗೆ ಬೋರ್ಡ್ ಬದಲಾಯಿಸುವ ಸಮಯ ಬಂದಿತ್ತು... ಹಾಗೆಂದು ಹೇಳಿದರು. ಆ ಹೊಸ ಫೋಟೊವನ್ನು ನಾನು ನೋಡಿದ್ದೇನೆ. ಎರಡು ಜಡೆ, ಇಸ್ತ್ರಿ ಮಾಡಿದ ಕಾಲರು, ನಗಬೇಕೋ ಬೇಡವೋ ಎಂದು ತೀರ್ಮಾನಿಸದ ತುಟಿ. ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಒಂದು ಶಾಲೆಯವರು ಭೇಟಿಗೆ ಬರುವುದೆಂದಾಯಿತು. ಎರಡೂ ಶಾಲೆಗಳಿಗೆ ಒಡಂಬಡಿಕೆ, ಅದರಿಂದ ನಮ್ಮ ಶಾಲೆಗೆ ಅಂತರರಾಷ್ಟ್ರೀಯ ಎನ್ನುವ ಒಂದು ಪ್ರಮಾಣಪತ್ರ. ಅಲ್ಲಿ ಆ ತಿಂಗಳು ಕಪ್ಪು ಜನರ ಇತಿಹಾಸ, ಸಾಧನೆಗಳನ್ನು ನೆನೆಯುತ್ತಾರಂತೆ, ಶಾಲೆಯ ಗೋಡೆಗಳ ಮೇಲೆ ಕಪ್ಪು ವಿದ್ಯಾರ್ಥಿಗಳನ್ನೂ ಆದರ್ಶ ವ್ಯಕ್ತಿಗಳನ್ನೂ ಪ್ರದರ್ಶಿಸುತ್ತಾರಂತೆ. ನಾವೂ ಒಂದು ಬೋರ್ಡ್ ಮಾಡಬೇಕು ಎಂದು ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಹೇಳಿದರು. ಯಾರು ಮಾಡುತ್ತೀರಿ ಎಂದು ಅವರು ಕೇಳಲೂ ಇಲ್ಲ. ಇಡೀ ಸಭೆಯ ಕಣ್ಣು ಒಂದೇ ಕಡೆ ಹೊರಳಿತು. ನನಗೆ ಇವತ್ತಿಗೂ ಅಸಹ್ಯವಾಗುವುದು ಆ ಕಣ್ಣುಗಳನ್ನು ನೆನೆದರೆ. ಇತಿಹಾಸ ಕಲಿಸುವವನು ನಾನು, ಚಿತ್ರಕಲೆಗೆ ಬೇರೆ ಟೀಚರಿದ್ದರು. ಬೋರ್ಡು ಹೋದದ್ದು ಪಿ.ಟಿ. ಮಾಸ್ತರರ ಕೊರಳಿಗೆ.

ಅವರು ಬೇಡವೆನ್ನಲಿಲ್ಲ. ಹೊರಗೆ ಬಂದಮೇಲೆ ನಾನು ಕೂಗಾಡಿದೆ. ಅವರು ಹೇಳಿದ್ದಿಷ್ಟು: “ಇರ್ಲಿ ಬಿಡ್ರಿ ಸರ್. ಈ ಬೋರ್ಡಿಗಾದ್ರೂ ಆಕೀ ಫೋಟೊ ಹಾಕ್ತೀನಿ.”

ಅವರ ಮನೆ ಇದ್ದದ್ದು ವಾದಿ ಅದಾಯ್‌ನಲ್ಲೇ, ಟೈರ್ ಅಂಗಡಿಯೊಂದರ ಮೇಲೆ. ಶುಕ್ರವಾರ ಇಡೀ ದಿನ ನಾವಿಬ್ಬರೂ ಅಲ್ಲಿ ಥರ್ಮಾಕೋಲ್ ಕೊಯ್ದೆವು. ಅವರ ಹೆಂಡತಿ ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಆ ವಾಸನೆ ಹೋಗಲಿಲ್ಲ. ಮಗಳು ನೆಲದ ಮೇಲೆ ಕೂತು ಅಳತೆ ಹೇಳುತ್ತಿದ್ದಳು, ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು, ಎಲ್ಲಿಂದ ಶುರು ಮಾಡಿದರೆ ಸಾಲು ನಟ್ಟನಡುವೆ ಬರುತ್ತದೆ ಎಂದು. ತಪ್ಪಿದಾಗ ನನಗೂ ಬೈದಳು. “ಅಂಕಲ್, ನೀವ್ ಹಿಸ್ಟರಿನೇ ಕಲಸ್ರಿ,” ಎಂದಳು. ಅವಳಪ್ಪ ತಂತಿ ಬದಿಗಿಟ್ಟು ಬಿದ್ದು ಬಿದ್ದು ನಕ್ಕರು.

ಮರುದಿನ ಶಾಲೆಯಲ್ಲಿ ಬೋರ್ಡ್ ಕಟ್ಟಿದೆವು. ಮೇಲಿನ ಅರ್ಧಕ್ಕೆ ಆಫೀಸಿನವರು ನೆಟ್ಟಿನಿಂದ ಇಳಿಸಿ ಕೊಟ್ಟ ಅಮೆರಿಕದ ನಾಯಕರು, ಗಾಯಕರು, ಮುಷ್ಟಿಕಾಳಗದವರು. ಅವರ ಸಾಲಿನ ಕೊನೆಗೆ ಮಾಸ್ತರರು ತಮ್ಮ ಊರ ಕಡೆಯ ಒಬ್ಬ ನರ್ಸಮ್ಮನ ಚಿತ್ರ ಸೇರಿಸಿದರು. ಅವರ ಜನರಲ್ಲಿ ಆ ಭಾಗಕ್ಕೆ ಮೊದಲ ನರ್ಸು ಆಕೆಯೇ ಅಂತ ಹೇಳಿದ್ದರು. ಕೆಳಗಿನ ಅರ್ಧಕ್ಕೆ ನಮ್ಮ ಶಾಲೆಯ ಮಕ್ಕಳು: ಸುಡಾನಿನ ವೈದ್ಯರೊಬ್ಬರ ಮಗಳು, ತಾಂಜಾನಿಯಾದ ಒಬ್ಬ ಹುಡುಗ, ಕೊನೆಗೆ ಬಲಗಡೆ ಮೂಲೆಯಲ್ಲಿ ಎರಡು ಜಡೆಯ ಆ ಹುಡುಗಿ. ಅವಳ ಫೋಟೊ ಹಾಕುವಾಗ ಅವರು ಕೈ ತೊಳೆದುಕೊಂಡು ಬಂದದ್ದು ನೆನಪಿದೆ.

ಒಂದು ಮಾತು ಇಲ್ಲಿ ಹೇಳಬೇಕು. ಪಿನ್ನಿನ ವಿಷಯದಲ್ಲಿ ಮಾಸ್ತರರು ವಿಪರೀತ ಕಟ್ಟುನಿಟ್ಟು. ಬೋರ್ಡಿನಿಂದ ಏನೇ ತೆಗೆಯಬೇಕಾದರೂ ಮೊದಲು ಪಿನ್ನು ಒಂದೊಂದಾಗಿ ತಿರುವಿ ಕೀಳಬೇಕು, ಆಮೇಲೆ ಹಾಳೆ. ಹಾಳೆ ಹಿಡಿದು ಎಳೆದ ಹುಡುಗರನ್ನು ಮೈದಾನ ಸುತ್ತಿಸಿದ್ದುಂಟು. ಕ್ರೀಡಾಕೂಟದ ಹಳೆಯ ಪಟ್ಟಿಗಳನ್ನೂ ಹಾಗೇ ತೆಗೆಯುತ್ತಿದ್ದರು. ಯಾರೋ ಕೂತು ಬರೆದದ್ದಲ್ಲವೇ ಎನ್ನುತ್ತಿದ್ದರು.

ಅತಿಥಿಗಳು ಬರುವ ದಿನ ಬೆಳಿಗ್ಗೆ ನಾನು ಬಿದ್ದುಹೋಗಿದ್ದ ಒಂದು ಅಕ್ಷರವನ್ನು ಮತ್ತೆ ಕೊಯ್ದು ತರುತ್ತಿದ್ದೆ. ಕಾರಿಡಾರಿನ ಆ ತುದಿಯಲ್ಲಿ ಬೋರ್ಡಿನ ಮುಂದೆ ಸೂಪರ್‌ವೈಸರ್ ಮೇಡಂ ನಿಂತಿದ್ದರು. ಮಂಗಳೂರಿನ ಕಡೆಯವರು, ಇಡೀ ಶಾಲೆಯ ಗೋಡೆಗಳೆಲ್ಲ ಅವರ ಉಸ್ತುವಾರಿ. ಪಕ್ಕದಲ್ಲಿ ಮಾಸ್ತರರು. ಮೇಡಂ ಬೆನ್ನು ನನ್ನ ಕಡೆಗಿತ್ತು. ಅವರ ಕೈ ಮೇಲೆದ್ದು ಕೆಳಗೆ ಬಂದದ್ದನ್ನು ನಾನು ಕಂಡೆ... ಕಂಡೆ ಎಂದೇ ಅಂದುಕೊಂಡಿದ್ದೇನೆ. ಪರ್ ಎಂದು ಸದ್ದಾಯಿತು. ಅದು ಕಾಗದದ ಸದ್ದೋ, ಮೇಡಂ ಸೀರೆಯ ಸೆರಗು ಪಿನ್ನಿಗೆ ಸಿಕ್ಕ ಸದ್ದೋ, ನನ್ನ ತಲೆ ಆಮೇಲೆ ಕೂಡಿಸಿಕೊಂಡದ್ದೋ. ನಾನು ಹತ್ತಿರ ಹೋಗುವಷ್ಟರಲ್ಲಿ ಫೋಟೊ ಮಾಸ್ತರರ ಕೈಯಲ್ಲಿತ್ತು.

ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ನನಗೆ ಅನುಮಾನವಿಲ್ಲ.

“ಹಾಗಲ್ಲ ಮಾಸ್ಟ್ರೇ, ನೀವು ಬೇಜಾರು ಮಾಡ್ಬೇಡಿ. ಇದು ಆಫ್ರಿಕಾದ ಮಕ್ಕಳ ಬೋರ್ಡ್ ಅಲ್ವಾ? ನಿಮ್ಮ ಮಗಳು ನಮ್ಮ ಇಂಡಿಯದವಳೇ. ಇದರಲ್ಲಿ ಹಾಕಿದ್ರೆ ಬಂದವರಿಗೆ ಕನ್‌ಫ್ಯೂಸ್ ಆಗ್ತದೆ.”

“ಇಂಡಿಯದಾಕೀ ಆದ್ರ ‘ನಮ್ಮ ಹೆಮ್ಮೆ’ ಬೋರ್ಡಿನ್ಯಾಗ ಯಾಕ ಹಾಕ್ಲಿಲ್ರಿ?”

“ಅದು ಪ್ರಿಂಟ್ ಸರಿ ಬರ್ಲಿಲ್ಲ ಅಂತ. ಅದು ಬೇರೆ ವಿಷಯ.”

ಮಾಸ್ತರರು, ಸೀಟಿ ಕಳೆದ ಹುಡುಗನನ್ನು ವಿಚಾರಿಸುವ ದನಿಯಲ್ಲಿ, ಕೇಳಿದರು:

“ಹಂಗಾರ ಆಕೀ ಫೋಟೊ ಯಾವ ಬೋರ್ಡಿಗೆ ಹಾಕೂದ್ರಿ ಮೇಡಂ?”

ಮೇಡಂ, ಮುಂದಿನ ವರ್ಷ ನೋಡುವ ಎಂದರು. ಆ ಜಾಗ ಖಾಲಿ ಕಾಣುತ್ತದೆ, ಆಫೀಸಿನಲ್ಲಿ ಇನ್ನೊಬ್ಬ ಅಮೆರಿಕದ ಗಾಯಕಿಯ ಪ್ರಿಂಟ್ ಇದೆ, ತಂದು ಹಾಕಿ ಎಂದರು. ನಾನು ನಡುವೆ ಬಾಯಿ ಹಾಕಿದೆ. ಕಪ್ಪು ಮಕ್ಕಳನ್ನು ಸಂಭ್ರಮಿಸುವ ಬೋರ್ಡಿನಿಂದ ಒಂದು ಕಪ್ಪು ಮಗುವನ್ನೇ ತೆಗೆದು ಯಾರಿಗೆ ತೋರಿಸುತ್ತೀರಿ, ನರ್ಸಮ್ಮನೂ ಇಂಡಿಯದವರೇ, ಆಕೆಯನ್ನೂ ತೆಗೆಯುತ್ತೀರಾ ಎಂದೆ. ಅವರು ನರ್ಸಮ್ಮನ ಚಿತ್ರವನ್ನು ಆವರೆಗೆ ಗಮನಿಸಿರಲಿಲ್ಲ. ಯಾವುದೋ ಅಮೆರಿಕದ ಹೆಂಗಸು ಎಂದುಕೊಂಡಿದ್ದರು! ನೀವು ನಿಮ್ಮ ಕ್ಲಾಸಿಗೆ ಹೋಗಿ ಸರ್ ಎಂದು ನನ್ನನ್ನು ಕಳಿಸಿದರು. ಕ್ಲಾಸಿತ್ತು. ನಲವತ್ತು ಮಕ್ಕಳು ಕಾಯುತ್ತಿದ್ದರು.

ಗಾಯಕಿಯ ಚಿತ್ರವನ್ನು ಮಾಸ್ತರರು ತರಲಿಲ್ಲ. ಆ ಖಾಲಿ ಜಾಗವನ್ನೂ ಅದರ ಪಿನ್ನುಗಳನ್ನೂ ಹಾಗೇ ಬಿಟ್ಟು, ಬೋರ್ಡಿನ ಪಕ್ಕ ಕೈಕಟ್ಟಿ ನಿಂತರು. ಅತಿಥಿಗಳು ಬರುವವರೆಗೆ ಅಲ್ಲಿಂದ ಕದಲಲಿಲ್ಲ ಎಂದು ಹೇಳಿದವರಿದ್ದಾರೆ. ಪಿರಿಯಡ್ ಮುಗಿಸಿ ನಾನು ಬಂದಾಗ ಇಂಗ್ಲೆಂಡಿನಿಂದ ಬಂದ ಇಬ್ಬರು ಅಲ್ಲಿದ್ದರು. ಒಬ್ಬಾಕೆ ಕಪ್ಪು ಮಹಿಳೆ, ಕೊರಳಲ್ಲಿ ಕ್ಯಾಮೆರಾ. ಆಕೆ ಖಾಲಿ ಮೂಲೆಯತ್ತ ಬೆರಳು ತೋರಿಸಿ, ಇಲ್ಲಿ ಯಾರಿದ್ದರು ಎಂದು ಕೇಳಿದಂತೆ ನನಗೆ ನೆನಪು. ಮೇಡಂ, ಇನ್ನೂ ಬರಲಿಕ್ಕಿದೆ ಎಂದು ನಕ್ಕಂತೆಯೂ ನೆನಪು. ಆದರೆ ಇದು ಬಹಳ ಚೊಕ್ಕವಾಗಿದೆ. ಆಕೆ ಕೇಳಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದರೆ, ಕೇಳದಿದ್ದರೂ ನನಗೆ ಕೇಳಿಸುತ್ತಿತ್ತು. ಅದಕ್ಕೇ ಈ ಭಾಗವನ್ನು ಯಾರೂ ನಂಬಬೇಡಿ. ಏಳನೆಯ ತರಗತಿಯ ಮಕ್ಕಳು ಆಗ ಲ್ಯಾಬಿಗೆ ಸಾಲಾಗಿ ಹಾದುಹೋದರೆಂದೂ, ಆ ಹುಡುಗಿ ಬೋರ್ಡ್ ನೋಡದೆ ಅಪ್ಪನ ಮುಖವನ್ನಷ್ಟೇ ನೋಡಿ ಹೋದಳೆಂದೂ ಒಂದು ಚಿತ್ರ ತಲೆಯಲ್ಲಿದೆ... ಅದು ಆ ದಿನದ್ದೋ, ಬೇರೆ ದಿನದ್ದೋ ಗೊತ್ತಿಲ್ಲ.

ಪ್ರಮಾಣಪತ್ರ ಬಂತು. ಚಿನ್ನದ ಬಣ್ಣದ ಚೌಕಟ್ಟು ಹಾಕಿ ಮುಂಬಾಗಿಲಲ್ಲಿ, ‘ನಮ್ಮ ಹೆಮ್ಮೆ’ಯ ಪಕ್ಕದಲ್ಲಿ, ತೂಗುಹಾಕಿದರು.

ಮಾರ್ಚಿನಲ್ಲಿ ಮಾಸ್ತರರ ಕೆಲಸದ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಕಾರಣ ಕೇಳಿದರೆ, ಹೊಸಬರನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದರು. ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ಅವರ ಸರಳತೆಯನ್ನು ಹೊಗಳಿದರು. ಎಂಥ ದೊಡ್ಡ ಮನಸ್ಸು ನೋಡಿ, ಬೋರ್ಡ್ ಮಾಡಿದವರು ತಾವೇ ಎಂಬ ಸಂಕೋಚದಿಂದ ಸ್ವಂತ ಮಗಳ ಫೋಟೊವನ್ನು ತಾವೇ ತೆಗೆದುಬಿಟ್ಟರು ಎಂದರು. ಸಭೆ ಚಪ್ಪಾಳೆ ತಟ್ಟಿತು. ಮೇಡಂ ಕೂಡ ತಟ್ಟಿದರು. ಮಾಸ್ತರರು ಮಡಿಲಲ್ಲಿದ್ದ ಹೂಗುಚ್ಛ ನೋಡುತ್ತ ಕೂತಿದ್ದರು. ಕಸಿದುಕೊಂಡದ್ದಲ್ಲದೆ, ಕೊಟ್ಟವರು ನೀವೇ ಎಂದು ಸನ್ಮಾನವನ್ನೂ ಮಾಡಿದರಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ಮಾತು ಎಷ್ಟು ಸಲ ಎಷ್ಟು ಜನರ ಬಾಯಲ್ಲಿ ತಿರುಗಿತೆಂದರೆ, ವರ್ಷಗಳು ಕಳೆದಂತೆ ನನಗೇ ಅನುಮಾನ ಹತ್ತಿತು. ನಾನು ಕಂಡದ್ದು ಒಂದು ಬೆನ್ನು, ಒಂದು ಕೈ. ಅವರೇ ತೆಗೆದಿರಬಹುದಲ್ಲವೇ? ಜಗಳ ಬೇಡವೆಂದು ಅವರೇ ತೆಗೆದು ಕೈಯಲ್ಲಿ ಹಿಡಿದಿರಬಹುದಲ್ಲವೇ? ಹೋಗುವ ಮುಂಚೆ ವಿಮಾನ ನಿಲ್ದಾಣದಲ್ಲಿ ನೇರವಾಗಿ ಕೇಳಿಯೂ ಕೇಳಿದೆ. ಅವರು ಟ್ರಾಲಿಯ ಮೇಲೆ ಹಗ್ಗ ಬಿಗಿಯುತ್ತ, “ಖಲಾಸ್ ರಿ ಸರ್, ಅದನ್ನೇನ್ ತಗೀತೀರಿ,” ಎಂದರು. ಅರಬ್ಬಿಯಲ್ಲಿ ಮುಗಿಸಿಬಿಟ್ಟರು, ಇಲ್ಲಿ ನಾವೆಲ್ಲ ಮುಗಿಸುವ ಹಾಗೆ.

ಅವರು ತೀರಿಕೊಂಡರೆಂದು ರುಸೈಲಿನಲ್ಲಿ ನನ್ನ ಜೊತೆ ಕೆಲಸ ಮಾಡುವ ದಾಂಡೇಲಿಯವರೊಬ್ಬರು ಎರಡು ವರ್ಷದ ಹಿಂದೆ ಹೇಳಿದರು. ಎದೆನೋವಂತೆ. ಮಗಳು ಎಲ್ಲೋ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆಂದೂ ಅವರೇ ಹೇಳಿದರು. ಅದು ನಿಜವಾಗಿರಲಿ ಎಂದು ಬಯಸುವವನು ನಾನು, ಆದ್ದರಿಂದ ನಿಜವೆಂದು ಬರೆಯಲಾರೆ. ನನ್ನ ಬಳಿ ಇದ್ದ ನಂಬರು ಈಗ ಬೇರೆ ಯಾರದ್ದೋ ಆಗಿದೆ.

ಬೋರ್ಡಿನಂಗಡಿಯಿಂದ ಮನೆಗೆ ಬಂದವನು ಬಟ್ಟೆಗೆ ಅಂಟಿದ್ದ ಆ ವಾಸನೆಯಲ್ಲೇ ಕೂತು ಹುಡುಕಿದೆ. ಇಂಗ್ಲೆಂಡಿನ ಆ ಶಾಲೆಯ ವೆಬ್‌ಸೈಟು ಇನ್ನೂ ಇತ್ತು. ಹಳೆಯ ಸುದ್ದಿಗಳ ಪುಟದಲ್ಲಿ ಮಸ್ಕತ್ ಭೇಟಿಯ ಚಿತ್ರಗಳೂ ಇದ್ದವು. ಒಂದರಲ್ಲಿ ನಮ್ಮ ನೀಲಿ ಬೋರ್ಡ್ ಪೂರ್ತಿ ಬಂದಿತ್ತು. ಅಂಚಿನಲ್ಲಿ ಮಾಸ್ತರರ ಕಟ್ಟಿದ ಕೈಗಳು ಮಾತ್ರ, ಮುಖ ಚಿತ್ರದಿಂದ ಆಚೆಗೆ. ಆ ಮಹಿಳೆ ಏನು ಕೇಳಿದರು, ಮಗಳು ಯಾವ ಕಡೆ ನೋಡಿದಳು ಎನ್ನುವುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಆದರೆ ಕೆಳಗಿನ ಸಾಲಿನ ಬಲಮೂಲೆಯನ್ನು ದೊಡ್ಡದು ಮಾಡಿ ನೋಡಿದೆ. ಸಂಶಯಪಟ್ಟು ಮರುದಿನ ಹಗಲಿನಲ್ಲಿ ಮತ್ತೆ ನೋಡಿದೆ. ಹೆಂಡತಿಗೂ ಏನೂ ಹೇಳದೆ ತೋರಿಸಿ, ಏನು ಕಾಣುತ್ತದೆ ಎಂದು ಕೇಳಿದೆ. ಅವಳೂ ಅದನ್ನೇ ಹೇಳಿದಳು.

ಖಾಲಿ ಚೌಕದ ನಾಲ್ಕು ಮೂಲೆಗೂ ಪಿನ್ನುಗಳು ಚುಚ್ಚಿದಂತೆಯೇ ಇವೆ. ಎಡಗಡೆಯ ಮೇಲಿನ ಪಿನ್ನಿನ ಕೆಳಗೆ, ಹರಿದ ಫೋಟೊದ ಒಂದು ಬಿಳಿ ಮೂಲೆ ಸಿಕ್ಕಿಕೊಂಡಿದೆ.